ನೀರಿನ ಪಾಳಿ ರಾತ್ರಿ, ಮೈಯ ಪಾಳಿ ಹಗಲು

ಪಂಪ್‌ಸೆಟ್ಟಿಗೆ ಹಗಲು ಹೊತ್ತು ತ್ರೀಫೇಸ್ ಕೊಡಿ ಎಂದು ರೈತರು ಕೇಳುತ್ತಾ ಬಂದು ಎಷ್ಟೋ ವರ್ಷಗಳಾದವು. ಕೇಳುವಾಗ ನಾವು ಹೇಳುವ ಕಾರಣ ಹಾವು, ಚೇಳು, ಕರಡಿ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿದರೆ ಶಾಕು. ಎಲ್ಲವೂ ನಿಜವೇ. ಆದರೆ ಇವಕ್ಕೆ ಮೇಲಿನವರ ಹತ್ತಿರ ಉತ್ತರ ಸಿದ್ಧ ಇರುತ್ತದೆ: "ಬೂಟು ಹಾಕಿಕೊಳ್ಳಿ, ಟಾರ್ಚು ಹಿಡಿದುಕೊಳ್ಳಿ, ರಾತ್ರಿಯ ನಿದ್ದೆಯನ್ನು ಹಗಲು ಮಲಗಿ ತೀರಿಸಿಕೊಳ್ಳಿ." ಈ ಕಡೇ ಮಾತಿನ ಮೇಲೆ ನನ್ನ ತಕರಾರು. ನಿದ್ದೆ ಅನ್ನೋದು ಸೊಸೈಟಿ ಸಾಲ ಅಲ್ಲ, ಈ ತಿಂಗಳು ತಪ್ಪಿದರೆ ಮುಂದಿನ ತಿಂಗಳು ಕಟ್ಟಿ ಚುಕ್ತಾ ಮಾಡೋದಕ್ಕೆ. ಯಾಕೆ ಅಂತ ಹೇಳೋದಕ್ಕೇ ಈ ಬರಹ.

ನಾನು ಏಳನೇ ಕ್ಲಾಸು ಓದಿದವನು. ಚಳ್ಳಕೆರೆ ಸೀಮೆಯ ಖುಷ್ಕಿ ರೈತ. ಇರುವ ಆರು ಎಕರೆಯಲ್ಲಿ ಐದಕ್ಕೆ ಮಳೆಯೇ ಗತಿ, ಒಂದು ಎಕರೆಗೆ ಬೋರಿನ ನೀರು. ಮಳೆ ಕೈಕೊಟ್ಟಾಗ ಆ ಒಂದು ಎಕರೆಯೇ ಮನೆ ನಡೆಸೋದು. ನಮ್ಮ ಫೀಡರಿಗೆ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ರಾತ್ರಿ ಪಾಳಿ ಬಂದರೆ ಹನ್ನೊಂದಕ್ಕೋ ಹನ್ನೆರಡಕ್ಕೋ ಸಲಿಕೆ ಹೆಗಲಿಗೇರಿಸಿ ಹೊರಟರೆ ಬೆಳಗ್ಗೆ ಕೋಳಿ ಕೂಗುವವರೆಗೆ ಮಡಿ ತಿರುಗಿಸೋದೇ ಕೆಲಸ. ನಮ್ಮ ಮನೆಯವರೂ ಟಾರ್ಚು ಹಿಡಿದು ಬರುತ್ತಾರೆ. ಬೆಳಗಾದರೆ ಅವರಿಗೆ ಎಮ್ಮೆ ಹಾಲು ಕರೆಯುವುದು, ಒಲೆ ಹಚ್ಚುವುದು ಇದ್ದೇ ಇದೆ. ಹಗಲು ಮಲಗಿ ಎನ್ನುವವರು ಯಾವ ಹಗಲಲ್ಲಿ ಅಂತಲೂ ಹೇಳಬೇಕು.

ನನ್ನ ಅಣ್ಣನ ಮಗ ಜೀವವಿಜ್ಞಾನ ಓದಿ ಕಾಲೇಜಿನಲ್ಲಿ ಪಾಠ ಮಾಡ್ತಾನೆ. ಹಬ್ಬಕ್ಕೆ ಬಂದವನು ಒಮ್ಮೆ, "ಚಿಕ್ಕಪ್ಪಾ, ನಿಮ್ಮ ಮೈಯಲ್ಲಿ ಒಂದು ಗಡಿಯಾರ ಇಲ್ಲ, ಕೋಟಿಗಟ್ಟಲೆ ಇವೆ" ಅಂದ. "ಬಿಡಿಸಿ ಹೇಳೋ ಮಾರಾಯ" ಅಂತ ಎರಡು ಮೂರು ರಜೆ ಅವನ ಬೆನ್ನು ಹತ್ತಿ ತಿಳಕೊಂಡದ್ದನ್ನು ನನ್ನ ಮಾತಲ್ಲಿ ಬರೀತಿದ್ದೇನೆ.

ಗಿಡಕ್ಕೆ ಗೊತ್ತಿರುವ ಹೊತ್ತು

ರಾತ್ರಿ ನೀರು ಕಟ್ಟುವವರೆಲ್ಲ ನೋಡಿರುತ್ತೀರಿ. ಶೇಂಗಾ ಗಿಡದ ಎಲೆ ಕತ್ತಲಾದ ಮೇಲೆ ಜೋಡಿ ಜೋಡಿಯಾಗಿ ಮಡಿಚಿಕೊಂಡಿರುತ್ತವೆ, ಹುಣಸೆ ಎಲೆಯೂ ಹಾಗೇ. ಬೆಳಕು ಹೋಯಿತು, ಮಡಿಚಿತು, ಅದರಲ್ಲೇನು ಅನ್ನಬಹುದು. ಫ್ರಾನ್ಸ್ ದೇಶದ ದ ಮೈರಾನ್ ಎಂಬ ವಿಜ್ಞಾನಿ 1729ರಲ್ಲೇ ಇದನ್ನು ಪರೀಕ್ಷೆ ಮಾಡಿದರು. ಮುಟ್ಟಿದರೆ ಮುನಿಯಂಥ ಗಿಡವನ್ನು ಬೆಳಕೇ ಬೀಳದ ಕಡೆ ಇಟ್ಟರು. ಅಲ್ಲೂ ಅದು ಹಗಲು ಹೊತ್ತಿಗೆ ಎಲೆ ಬಿಚ್ಚಿತು, ರಾತ್ರಿ ಹೊತ್ತಿಗೆ ಮಡಿಚಿತು. ಅಂದರೆ ಬೆಳಕು ಹೇಳಿದ್ದಕ್ಕೆ ಅಲ್ಲ, ಒಳಗಿಂದಲೇ ಅದಕ್ಕೆ ಹೊತ್ತು ಗೊತ್ತು.

ನಾವು ಬೆಳೆಯುವ ಸೂರ್ಯಕಾಂತಿಯದು ಇನ್ನೂ ಸೊಗಸು. ಎಳೆ ಗಿಡ ಬೆಳಗ್ಗೆ ಮೂಡಲಿಗೆ ಮುಖ ಮಾಡಿ, ಸಂಜೆಗೆ ಪಡುವಲಿಗೆ ತಿರುಗಿ, ರಾತ್ರಿ ಸೂರ್ಯ ಇಲ್ಲದಿದ್ದರೂ ಮತ್ತೆ ಮೂಡಲಿಗೆ ಬಂದು ಕಾದಿರುತ್ತದೆ. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2016ರಲ್ಲಿ ಇದರ ಗುಟ್ಟು ಹೇಳಿದರು. ಹಗಲು ದಂಟಿನ ಮೂಡಲ ಮಗ್ಗುಲು ಹೆಚ್ಚು ಬೆಳೆಯುತ್ತದೆ, ರಾತ್ರಿ ಪಡುವಲ ಮಗ್ಗುಲು. ಒಂದೇ ದಂಟು, ಆದರೆ ಎರಡು ಮಗ್ಗುಲಲ್ಲಿ ಬೆಳವಣಿಗೆಯ ಜೀನುಗಳು ಬೇರೆ ಬೇರೆ ಹೊತ್ತಿಗೆ ಕೆಲಸ ಮಾಡುತ್ತವೆ. ಮೇಲಿನಿಂದ ಒಂದೇ ಸಮ ದೀಪ ಉರಿಸಿ ಇಟ್ಟರೂ ಗಿಡ ಕೆಲವು ದಿನ ಹಾಗೇ ತೂಗಾಡಿತು. ಕುಂಡ ತಿರುಗಿಸಿಟ್ಟು ಹೊತ್ತು ತಪ್ಪಿಸಿದ ಗಿಡಗಳ ತೂಕ ನೂರಕ್ಕೆ 10ರಷ್ಟು ಕಡಿಮೆ ಆಯಿತು. ಹೊತ್ತು ತಪ್ಪಿದರೆ ಗಿಡವೇ ಸೊರಗುತ್ತದೆ. ನಾವು ಸೊರಗುವುದಿಲ್ಲ ಅಂತ ಯಾರು ಹೇಳಿದರು?

ನೊಣ ಕಲಿಸಿದ ಪಾಠ

ಜೀನು ಅಂದರೆ ವಂಶವಾಹಿ. ನಮ್ಮ ಮೈಯ ಪ್ರತಿ ಕಣದಲ್ಲೂ ಹೆಚ್ಚುಕಮ್ಮಿ ಅದೇ ಜೀನುಗಳ ಕಟ್ಟು ಇರುತ್ತದೆ. ಪಿತ್ತಜನಕಾಂಗದ ಕಣದಲ್ಲೂ ಅದೇ, ಚರ್ಮದ ಕಣದಲ್ಲೂ ಅದೇ. ಆದರೆ ಎಲ್ಲ ಜೀನೂ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಕೆರೆ ಒಂದೇ, ತೂಬು ಹತ್ತು ಇದ್ದ ಹಾಗೆ. ಯಾವ ಗದ್ದೆಗೆ ಯಾವ ತೂಬು ಎನ್ನುವುದು ಒಂದು ಲೆಕ್ಕ. ಯಾವ ಹೊತ್ತಿಗೆ ಎತ್ತಬೇಕು, ಯಾವ ಹೊತ್ತಿಗೆ ಇಳಿಸಬೇಕು ಎನ್ನುವುದು ಇನ್ನೊಂದು ಲೆಕ್ಕ. ನಾನು ಹೇಳಹೊರಟಿರುವುದು ಈ ಎರಡನೇ ಲೆಕ್ಕವನ್ನು.

1971ರಲ್ಲಿ ಅಮೆರಿಕದ ರೊನಾಲ್ಡ್ ಕೊನೊಪ್ಕ ಮತ್ತು ಸೀಮೋರ್ ಬೆಂಜರ್ ಅವರು ಬಾಳೆಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣದಲ್ಲಿ ವಿಚಿತ್ರ ಕಂಡರು. ಒಂದು ಜಾತಿ ನೊಣಕ್ಕೆ ದಿನ ಅಂದರೆ 19 ಗಂಟೆ, ಇನ್ನೊಂದಕ್ಕೆ 28 ಗಂಟೆ, ಮತ್ತೊಂದಕ್ಕೆ ಹೊತ್ತುಗೊತ್ತೇ ಇಲ್ಲ. ಮೂರಕ್ಕೂ ಕಾರಣ ಒಂದೇ ಜೀನಿನಲ್ಲಿ ಆದ ಬದಲಾವಣೆ. ಆ ಜೀನಿಗೆ ಪೀರಿಯಡ್ ಅಂತ ಹೆಸರಿಟ್ಟರು. 1984ರಲ್ಲಿ ಜೆಫ್ರಿ ಹಾಲ್, ಮೈಕೇಲ್ ರೋಸ್‌ಬಾಶ್ ಒಂದು ಕಡೆ, ಮೈಕೇಲ್ ಯಂಗ್ ಇನ್ನೊಂದು ಕಡೆ ಆ ಜೀನನ್ನು ಬೇರ್ಪಡಿಸಿ ತೆಗೆದರು. ಈ ಗಡಿಯಾರ ನಡೆಯುವ ಬಗೆಯನ್ನು ಬಿಡಿಸಿದ್ದಕ್ಕೆ ಮೂವರಿಗೂ 2017ರಲ್ಲಿ ನೊಬೆಲ್ ಬಹುಮಾನ ಬಂತು.

ಆ ಗಡಿಯಾರ ನಡೆಯೋದು ನಮ್ಮ ಟ್ಯಾಂಕಿನ ಫ್ಲೋಟ್ ಇದ್ದ ಹಾಗೆ. ಮೋಟಾರು ಓಡುತ್ತೆ, ಟ್ಯಾಂಕು ತುಂಬುತ್ತೆ. ತುಂಬಿದ ನೀರೇ ಫ್ಲೋಟ್ ಎತ್ತಿ ಮೋಟಾರನ್ನು ನಿಲ್ಲಿಸುತ್ತೆ. ನೀರು ಖರ್ಚಾಗಿ ಫ್ಲೋಟ್ ಇಳಿದರೆ ಮತ್ತೆ ಮೋಟಾರು ಓಡುತ್ತೆ. ಪೀರಿಯಡ್ ಜೀನು ಒಂದು ಪ್ರೋಟೀನನ್ನು ಮಾಡಿಸುತ್ತದೆ. ಅದು ರಾತ್ರಿಯಲ್ಲಿ ಕಣದೊಳಗೆ ಕೂಡಿಕೊಳ್ಳುತ್ತಾ ಹೋಗಿ, ತನ್ನನ್ನು ಮಾಡಿಸಿದ ಜೀನನ್ನೇ ತಡೆಯುತ್ತದೆ. ಆಮೇಲೆ ಕರಗುತ್ತಾ ಬಂದು, ತಡೆ ಬಿಟ್ಟು, ಮತ್ತೆ ಶುರು. ಈ ಒಂದು ಸುತ್ತಿಗೆ ಹೆಚ್ಚುಕಮ್ಮಿ 24 ಗಂಟೆ. ಈ ಸುತ್ತಿಗೆ ಬೇರೆ ನೂರಾರು ಜೀನುಗಳನ್ನು ಪೋಣಿಸಿದೆ. ಸುತ್ತು ತಿರುಗಿದಂತೆ ಆ ತೂಬುಗಳೂ ಏಳುತ್ತವೆ, ಇಳಿಯುತ್ತವೆ. ಮನುಷ್ಯನಲ್ಲೂ ನಡೆಯುವುದು ಇದೇ ಬಗೆಯ ಸುತ್ತು.

ಇದು ಪರದೇಶದ ಮಾತು ಎಂದು ತಳ್ಳುವಂತಿಲ್ಲ. ಮಧುರೈ ವಿಶ್ವವಿದ್ಯಾಲಯದಲ್ಲಿ ಎಂ.ಕೆ. ಚಂದ್ರಶೇಖರನ್ ಎಂಬ ವಿಜ್ಞಾನಿ ಬಾವಲಿಗಳ ಮೇಲೂ, ಬಿಸಿಲು ಗಡಿಯಾರ ಏನೂ ಇಲ್ಲದ ಕೋಣೆಯಲ್ಲಿ ಇರಿಸಿದ ಮನುಷ್ಯರ ಮೇಲೂ ಇದೇ ಅಭ್ಯಾಸ ಮಾಡಿದವರು. ಆಮೇಲೆ ಅವರು ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರಕ್ಕೆ ಬಂದರು. 600 ತಲೆಮಾರು ಕತ್ತಲನ್ನೇ ಕಾಣದೆ ಸದಾ ದೀಪದ ಬೆಳಕಲ್ಲೇ ಬೆಳೆದ ನೊಣಗಳನ್ನು ಅಲ್ಲಿನವರು ಪರೀಕ್ಷೆ ಮಾಡಿ 1999ರಲ್ಲಿ ಫಲ ಹೇಳಿದರು. ಅಷ್ಟು ತಲೆಮಾರು ಕಳೆದರೂ ಆ ನೊಣಗಳ ಒಳಗಡಿಯಾರ ಅಳಿದಿರಲಿಲ್ಲ. 600 ತಲೆಮಾರಿಗೆ ನೊಣ ಬಿಡದ ಅಭ್ಯಾಸವನ್ನು ಕರೆಂಟಿನ ಟೈಂಟೇಬಲ್ ನೋಡಿ ಮನುಷ್ಯ ಒಂದು ವಾರದಲ್ಲಿ ಬಿಟ್ಟಾನೆಯೇ?

ನೀರಗಂಟಿ ಒಬ್ಬ, ತೂಬು ಸಾವಿರ

ನಮ್ಮ ತಲೆಯಲ್ಲಿ, ಕಣ್ಣಿನ ನರಗಳು ಕೂಡುವ ಜಾಗದ ಮೇಲೆ, ಅಕ್ಕಿ ಕಾಳಿಗಿಂತ ಸಣ್ಣ ಎರಡು ಗಂಟುಗಳಿವೆ. ಎರಡೂ ಸೇರಿ 20,000ದಷ್ಟು ನರಕಣಗಳು. ಇದೇ ಮೈಯ ನೀರಗಂಟಿ. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಹೊತ್ತು ಸರಿಮಾಡಿಕೊಂಡು ಉಳಿದ ಅಂಗಗಳಿಗೆ ಸುದ್ದಿ ಕಳಿಸುತ್ತದೆ. ಮೊದಲು ಗಡಿಯಾರ ಇಲ್ಲಿ ಮಾತ್ರ ಅಂದುಕೊಂಡಿದ್ದರು. 1998ರಲ್ಲಿ ಜಿನೀವಾದ ಉಲಿ ಶಿಬ್ಲರ್ ಅವರ ತಂಡ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಇಲಿಯ ಕಣಗಳಲ್ಲೂ ಈ ಸುತ್ತು ನಡೆಯುವುದನ್ನು ತೋರಿಸಿತು. ಪಿತ್ತಜನಕಾಂಗ, ಹೃದಯ, ಚರ್ಮ, ಮೂತ್ರಪಿಂಡ ಎಲ್ಲಕ್ಕೂ ತಮ್ಮದೇ ಗಡಿಯಾರ ಉಂಟು.

ಗಡಿಯಾರದ ಯಂತ್ರ ಎಲ್ಲ ಕಡೆ ಒಂದೇ ತರ, ಆದರೆ ಅದು ಎತ್ತಿಳಿಸುವ ತೂಬುಗಳು ಅಂಗ ಅಂಗಕ್ಕೆ ಬೇರೆ. 2014ರಲ್ಲಿ ಇಲಿಯ 12 ಅಂಗಗಳನ್ನು ನೋಡಿದಾಗ, ಪ್ರೋಟೀನು ಮಾಡಿಸುವ ಜೀನುಗಳಲ್ಲಿ ನೂರಕ್ಕೆ 43ರಷ್ಟು ಯಾವುದಾದರೊಂದು ಅಂಗದಲ್ಲಿ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತಿದ್ದವು. ಅತಿ ಹೆಚ್ಚು ಕಂಡದ್ದು ಪಿತ್ತಜನಕಾಂಗದಲ್ಲಿ. ಇಲಿ ರಾತ್ರಿಯ ಪ್ರಾಣಿ. ನಮ್ಮ ಹಾಗೆ ಹಗಲು ಓಡಾಡುವ ಬಬೂನ್ ಎಂಬ ಕೋತಿಯಲ್ಲಿ 64 ಭಾಗಗಳನ್ನು ಎರಡು ಗಂಟೆಗೊಮ್ಮೆಯ ಲೆಕ್ಕದಲ್ಲಿ ನೋಡಿ 2018ರಲ್ಲಿ ವರದಿ ಮಾಡಿದರು. ಅಲ್ಲಿ ಈ ಲೆಕ್ಕ ನೂರಕ್ಕೆ 80 ದಾಟಿತು. ಮೈಯಲ್ಲಿ ಹೊತ್ತು ನೋಡದೆ ನಡೆಯುವ ಕೆಲಸ ಸ್ವಲ್ಪವೇ ಅಂತಾಯಿತು.

ಈಗ ಮುಖ್ಯ ಮಾತಿಗೆ ಬರ್ತೀನಿ. ನೀರಗಂಟಿ ಬೆಳಕನ್ನು ನೋಡುತ್ತಾನೆ, ಪಿತ್ತಜನಕಾಂಗ ಊಟವನ್ನು ನೋಡುತ್ತದೆ. ರಾತ್ರಿ ತಿನ್ನುವ ಇಲಿಗೆ ಹಗಲು ಮಾತ್ರ ತಿನ್ನಲು ಕೊಟ್ಟು ಜಿನೀವಾದವರೇ 2000ದಲ್ಲಿ ಪರೀಕ್ಷೆ ಮಾಡಿದರು. ಸುಮಾರು ಒಂದು ವಾರದಲ್ಲಿ ಪಿತ್ತಜನಕಾಂಗದ ಗಡಿಯಾರ ಉಲ್ಟಾ ಆಯಿತು. ತಲೆಯ ಗಡಿಯಾರ ಅಲ್ಲಾಡಲಿಲ್ಲ. ಇಲ್ಲಿ ನಮ್ಮ ಕತೆ ನೋಡಿ. ರಾತ್ರಿ ಪಾಳಿಯಲ್ಲಿ ಎರಡು ಗಂಟೆಗೆ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿ ಮುದ್ದೆ ಉಣ್ಣುತ್ತೇವೆ. ಹಗಲು ಬಿಸಿಲು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ತಲೆ ಹೇಳುವುದು ಹಗಲಿನ ಹೊತ್ತು, ಹೊಟ್ಟೆ ಹಿಡಿಯಲು ನೋಡುವುದು ರಾತ್ರಿಯ ಹೊತ್ತು. ಹೊಟ್ಟೆ ಇನ್ನೂ ತಿರುಗುವಷ್ಟರಲ್ಲಿ ವಾರ ಮುಗಿದು ಪಾಳಿ ಬದಲು. ಒಂದೇ ಕೆರೆಯ ಕೆಳಗೆ ಇಬ್ಬರು ನೀರಗಂಟಿಗಳು ಒಬ್ಬರಿಗೊಬ್ಬರು ಹೇಳದೆ ತೂಬು ಎತ್ತಿದರೆ ಒಂದು ಗದ್ದೆ ಒಣಗುತ್ತೆ, ಇನ್ನೊಂದು ಕೊಳೆಯುತ್ತೆ. ಕಾಯಂ ರಾತ್ರಿ ಕೆಲಸಕ್ಕಿಂತ ವಾರ ವಾರ ಬದಲಾಗುವ ಪಾಳಿ ಒಳ್ಳೆಯದು ಅನ್ನುವವರು ಇದನ್ನು ಯೋಚಿಸಬೇಕು.

ಹಗಲು ಮಲಗಿದರೆ ಸರಿಹೋಗುತ್ತೆ ಎಂಬ ಮಾತಿಗೂ ಉತ್ತರ ಇದೆ. ಇಂಗ್ಲೆಂಡಿನ ಸರ್ರಿ ವಿಶ್ವವಿದ್ಯಾಲಯದವರು 22 ಜನರನ್ನು ದಿನಕ್ಕೆ ನಾಲ್ಕು ಗಂಟೆಯಂತೆ ನಿದ್ದೆಯ ಹೊತ್ತು ಸರಿಸುತ್ತಾ ಹಗಲು ನಿದ್ದೆಗೆ ತಂದರು. 2014ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಸರಿಯಾದ ಹೊತ್ತಿಗೆ ಮಲಗಿದಾಗ ರಕ್ತದಲ್ಲಿ ನೋಡಿದ ಜೀನುಗಳ ಪೈಕಿ ನೂರಕ್ಕೆ 6.4ರಷ್ಟು ತಾಳಕ್ಕೆ ಸರಿಯಾಗಿ ಏರಿಳಿಯುತ್ತಿದ್ದವು. ಹಗಲು ನಿದ್ದೆಯಲ್ಲಿ ಅದು 1ಕ್ಕೆ ಇಳಿಯಿತು. ನಿದ್ದೆ ಮಾಡಲಿಲ್ಲ ಅಂತಲ್ಲ, ಮಾಡಿದರು. ಹೊತ್ತಲ್ಲದ ಹೊತ್ತಲ್ಲಿ ಮಾಡಿದರು. ಹದ ತಪ್ಪಿ ಬಿತ್ತಿದ ಹಾಗೆ. ಬೀಜ ಅದೇ, ನೆಲ ಅದೇ, ಕೂರಿಗೆ ಅದೇ, ಬೆಳೆ ಬೇರೆ.

ಪಾಳಿಯಲ್ಲಿ ದುಡಿಯುವವರಿಗೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಹೆಚ್ಚು ಎಂದು ಹಲವು ದೇಶಗಳ ಅಭ್ಯಾಸಗಳು ಹೇಳಿವೆ. ರಾತ್ರಿ ಪಾಳಿ ಕೆಲಸ ಕ್ಯಾನ್ಸರಿಗೆ ಕಾರಣವಾಗುವ ಸಂಭವ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಹೇಳಿ, 2019ರಲ್ಲಿ ಮತ್ತೆ ಪರಿಶೀಲಿಸಿ ಅದೇ ಮಾತು ಉಳಿಸಿಕೊಂಡಿತು. ಗಾಯ ಮಾಯುವುದಕ್ಕೂ ಹೊತ್ತಿನ ಲೆಕ್ಕ ಇದೆ. ಬ್ರಿಟನ್ನಿನಲ್ಲಿ 118 ಮಂದಿ ಸುಟ್ಟಗಾಯದವರ ದಾಖಲೆ ನೋಡಿದಾಗ ಹಗಲು ಆದ ಗಾಯ ಸರಾಸರಿ 17 ದಿನಕ್ಕೆ, ರಾತ್ರಿ ಆದ ಗಾಯ 28 ದಿನಕ್ಕೆ ಮಾಯ್ದಿತ್ತು. ಇದು 2017ರ ವರದಿ. ಗಾಯ ಮುಚ್ಚಲು ಓಡಿಬರುವ ಚರ್ಮದ ಕಣಗಳಿಗೂ ಹಗಲೇ ಕೆಲಸದ ಹೊತ್ತು. ನಮ್ಮೂರಿನ ಸಕ್ಕರೆ, ಬಿ.ಪಿ. ಎಲ್ಲಕ್ಕೂ ರಾತ್ರಿ ಕರೆಂಟೇ ಕಾರಣ ಎಂದು ನಾನು ಹೇಳುವುದಿಲ್ಲ. ಪಾಲಿಶ್ ಅಕ್ಕಿ, ಸಾರಾಯಿ, ಸಾಲದ ಚಿಂತೆ ಎಲ್ಲ ಸೇರಿರುತ್ತೆ. ಆದರೆ ಕಾರ್ಖಾನೆಯ ಪಾಳಿಯವನಿಗೆ ಭತ್ಯ ಉಂಟು, ವಾರದ ರಜೆ ಉಂಟು, ತಪಾಸಣೆ ಉಂಟು. ನಮ್ಮ ಪಾಳಿ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಎದುರು ಮಾತುಗಳು

ಒಂದು, "ನಿಮ್ಮ ಹಿರಿಯರು ರಾತ್ರಿ ದುಡಿಯಲಿಲ್ಲವೇ?" ದುಡಿದರು. ಕಣದಲ್ಲಿ ರಾಶಿ ಮಾಡುವಾಗ, ಹಂದಿ ಕಾಯುವಾಗ ರಾತ್ರಿ ಎದ್ದಿದ್ದರು. ಅದು ಸುಗ್ಗಿಯ ಕೆಲವು ವಾರ. ನಮ್ಮಪ್ಪ ಕಪಿಲೆ ಹೊಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಬೆಳ್ಳಿ ಮೂಡುವ ಹೊತ್ತಿಗೆ ಎತ್ತು ಹೂಡಿ ಬಿಸಿಲೇರುವ ಮೊದಲು ಬಿಚ್ಚುತ್ತಿದ್ದರು. ನಡುರಾತ್ರಿ ಎತ್ತನ್ನು ಎಬ್ಬಿಸಿದವರಲ್ಲ. ಎತ್ತಿಗೆ ಇದ್ದ ಮರ್ಯಾದೆ ಈಗ ರೈತನಿಗೆ ಇಲ್ಲ.

ಎರಡು, "ರಾತ್ರಿ ನೀರು ಕಟ್ಟಿದರೆ ಆವಿ ಕಡಿಮೆ." ಸರಿ. ಆದರೆ ಬೆಳಗ್ಗೆ ಆರರಿಂದ ಹತ್ತರವರೆಗೂ ಆವಿ ಕಡಿಮೆಯೇ. ಹನಿ ನೀರಾವರಿ ಆದರೆ ಹಗಲಲ್ಲೂ ಅಷ್ಟು ನಷ್ಟ ಇಲ್ಲ.

ಮೂರು, "ಆಟೋ ಸ್ಟಾರ್ಟರ್ ಹಾಕಿ ಮಲಗಿ." ಡ್ರಿಪ್ ಇದ್ದವನು ಹಾಕಿ ಮಲಗಬಹುದು. ಮಡಿ ಕಟ್ಟಿ ಹಾಯಿಸುವವನಿಗೆ ಮಡಿ ತುಂಬಿದ ಮೇಲೆ ಬಾಯಿ ಮುಚ್ಚುವವರು ಯಾರು? ಎಲ್ಲರ ಮೋಟಾರೂ ಒಂದೇ ಏಟಿಗೆ ಶುರುವಾದರೆ ಟಿ.ಸಿ. ಸುಡುತ್ತದೆ. ಬೋರಿನಲ್ಲಿ ನೀರು ಕೆಳಗಿಳಿದಾಗ ನೋಡುವವರಿಲ್ಲದಿದ್ದರೆ ಮೋಟಾರೂ ಹೋಗುತ್ತದೆ.

ನಾಲ್ಕು, "ಎಲ್ಲರಿಗೂ ಹಗಲೇ ಕೊಟ್ಟರೆ ಲೈನು ತಡೆಯುವುದಿಲ್ಲ." ಇದು ತೂಕದ ಮಾತು. ಅದಕ್ಕೆ ಲೆಕ್ಕ ಹಾಕೋಣ. ದಿನಕ್ಕೆ ಏಳು ಗಂಟೆ ತ್ರೀಫೇಸ್ ಅಂದರೆ ಅರ್ಧ ಫೀಡರುಗಳಿಗೆ ಬೆಳಗ್ಗೆ 6ರಿಂದ 1ರವರೆಗೆ, ಉಳಿದ ಅರ್ಧಕ್ಕೆ 11ರಿಂದ ಸಂಜೆ 6ರವರೆಗೆ ಕೊಡಬಹುದು. ಎರಡೂ ಒಟ್ಟಿಗೆ ಬೀಳುವುದು ಎರಡೇ ಗಂಟೆ, ಅದೂ ನಡುಹಗಲು, ಬಿಸಿಲಿನ ಕರೆಂಟು ಹೇರಳ ಇರುವ ಹೊತ್ತು.

ಬಿಸಿಲಿನ ಕರೆಂಟು ಎಂದೆ. ನಮ್ಮ ಪಕ್ಕದ ಪಾವಗಡದಲ್ಲೇ ಐದು ಹಳ್ಳಿಗಳ 13,000 ಎಕರೆ ಖುಷ್ಕಿ ಭೂಮಿಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದಿದೆ. 2019ರ ಕೊನೆಗೆ ಪೂರ್ತಿಯಾಯಿತು. ಮಳೆ ಬಾರದ ನೆಲ, ಬಿಸಿಲಿಗೆ ಬರ ಇಲ್ಲ. ಆ ಕರೆಂಟು ಹುಟ್ಟುವುದು ಹಗಲು. ಬಿಸಿಲು ನಮ್ಮ ಸೀಮೆಯದು, ಹಗಲು ಕರೆಂಟು ಊರಾಚೆಗೆ, ನಮಗೆ ಮಾತ್ರ ನಡುರಾತ್ರಿಯದು. ಇದು ಯಾವ ನ್ಯಾಯ? ಗುಜರಾತಿನಲ್ಲಿ 2020ರ ಅಕ್ಟೋಬರಿನಲ್ಲಿ ಕಿಸಾನ್ ಸೂರ್ಯೋದಯ ಯೋಜನೆ ಎಂದು ಬೆಳಗ್ಗೆ 5ರಿಂದ ರಾತ್ರಿ 9ರ ಒಳಗೆ ನೀರಾವರಿ ಕರೆಂಟು ಕೊಡುವ ಕೆಲಸ ಶುರುಮಾಡಿದರು. ಕೇಂದ್ರದ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರುಗಳಿಗೇ ಸೋಲಾರ್ ಜೋಡಿಸಲು ಅವಕಾಶ ಇದೆ. ಆಗದ ಕೆಲಸ ಅಲ್ಲ, ಅವಸರ ಅನ್ನಿಸಿಲ್ಲ ಅಷ್ಟೆ.

ಅಲ್ಲಿಯವರೆಗೆ ನಾವೇನು ಮಾಡಬಹುದು

ಹಗಲು ಕರೆಂಟು ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ನಾನು ಅನುಸರಿಸುತ್ತಿರುವ ನಾಲ್ಕು ಮಾತು ಹೇಳ್ತೀನಿ.

ಊಟ ಕತ್ತಲಾಗುವ ಹೊತ್ತಿಗೆ ಮುಗಿಸಿ ಹೊರಡಿ. ನಡುರಾತ್ರಿ ಬುತ್ತಿ ಬಿಚ್ಚಬೇಡಿ, ಬಾಯಾರಿದರೆ ನೀರು ಕುಡಿಯಿರಿ. ಹೊಟ್ಟೆಯ ಗಡಿಯಾರವಾದರೂ ಹಗಲಲ್ಲೇ ಉಳಿಯಲಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇಂಜೆಕ್ಷನ್ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಊಟದ ಹೊತ್ತು ಬದಲಾಯಿಸಬಾರದು.

ಟಾರ್ಚಿನ ಬೆಳಕು ಕಾಲ ಬುಡಕ್ಕೆ ಚೆನ್ನಾಗಿ ಬೀಳಲಿ, ಹಾವು ಕಾಣಬೇಕು. ಆದರೆ ಮಡಿ ತುಂಬುವವರೆಗೆ ಮೊಬೈಲನ್ನು ಮುಖಕ್ಕೆ ಹಿಡಿದು ಕೂರಬೇಡಿ. ಕಣ್ಣಿಗೆ ನೇರ ಬೀಳುವ ಬಿಳಿ ಬೆಳಕು ತಲೆಯ ನೀರಗಂಟಿಗೆ ಹಗಲಾಯಿತು ಎಂದು ಸುಳ್ಳು ಹೇಳುತ್ತದೆ.

ಬಾವಿ, ಬೋರು ಪಾಲಿನಲ್ಲಿ ಇರುವ ಅಣ್ಣತಮ್ಮಂದಿರು, ಪಕ್ಕದ ಹೊಲದವರು ಮಾತಾಡಿಕೊಳ್ಳಿ. ಎಲ್ಲರೂ ಎಲ್ಲ ರಾತ್ರಿಯೂ ಎದ್ದಿರುವ ಬದಲು ಒಬ್ಬರ ಮಡಿ ಇನ್ನೊಬ್ಬರು ನೋಡಿದರೆ ವಾರದಲ್ಲಿ ಮೂರು ರಾತ್ರಿಯಾದರೂ ಉಳಿಯುತ್ತದೆ. ರಾತ್ರಿ ಎದ್ದವರು ಮರುದಿನ ಮೇವು ಕತ್ತರಿಸುವ ಮಿಷನ್ನಿಗೆ, ಟ್ರ್ಯಾಕ್ಟರಿಗೆ ಕೈ ಹಾಕದಿರುವುದು ಒಳ್ಳೆಯದು. ರಾತ್ರಿ ಆದ ಗಾಯವನ್ನು ಬೆಳಗ್ಗೆ ನೋಡೋಣ ಅನ್ನಬೇಡಿ. ಆಗಲೇ ತೊಳೆದು ಕಟ್ಟಿ.

ಟಾರ್ಚು ಹಿಡಿದು ಬಂದ ಹೆಂಗಸಿಗೂ ಅದೇ ಮೈ, ಅದೇ ಗಡಿಯಾರ. ಬೆಳಗ್ಗೆ ಬಂದು ನಾವು ಕಂಬಳಿ ಎಳೆದುಕೊಂಡರೆ ಅವಳಿಗೆ ಮಲಗಲು ಬಿಡುವವರು ಯಾರು? ಹಾಲು ಕರೆಯುವುದನ್ನು ಆ ವಾರ ಮನೆಯ ಬೇರೆಯವರು ಹಂಚಿಕೊಳ್ಳಬೇಕು.

ಸರ್ಕಾರಕ್ಕೆ, ಕರೆಂಟಿನವರಿಗೆ ನನ್ನ ಕೋರಿಕೆ ಮೂರೇ. ಹಗಲು ಒಂದೇ ಕಂತಿನಲ್ಲಿ ಏಳು ಗಂಟೆ ಕೊಡಿ. ಅದು ಆಗುವವರೆಗೆ ವಾರ ವಾರ ಪಾಳಿ ತಿರುಗಿಸುವುದು ಬಿಟ್ಟು, ರಾತ್ರಿಯ ಪಾಲನ್ನು ಬೆಳಗಿನ ಜಾವ ನಾಲ್ಕಕ್ಕೆ ಸರಿಸಿ. ಕಪಿಲೆ ಕಾಲದ ಹೊತ್ತು ಅದು, ಮೈಗೆ ಗೊತ್ತಿರುವ ಹೊತ್ತು. ಮೂರನೆಯದು, ಪಾಳಿ ಬದಲಾದರೆ ಎರಡು ದಿನ ಮೊದಲು ತಿಳಿಸಿ.

ಹಾವಿನ ಭಯಕ್ಕೆ ಬೂಟು ಉಂಟು, ಕತ್ತಲಿಗೆ ಟಾರ್ಚು ಉಂಟು. ಮೈಯ ಕಣ ಕಣದಲ್ಲಿ ಏಳುವ ಇಳಿಯುವ ತೂಬುಗಳಿಗೆ ಹಗಲು ರಾತ್ರಿ ಬಿಟ್ಟರೆ ಬೇರೆ ಟೈಂಟೇಬಲ್ ಇಲ್ಲ. ಇನ್ನು ಮೇಲೆ ಹಗಲು ಕರೆಂಟು ಕೇಳಲು ಹೋದಾಗ ಈ ಕಾರಣವನ್ನೂ ಅರ್ಜಿಯಲ್ಲಿ ಬರೆಯಿರಿ. "ಹಗಲು ಮಲಗಿ" ಎಂದು ಹೇಳುವವರು ಅದನ್ನು ಓದಿ ಉತ್ತರ ಕೊಡಲಿ.